ಗಾಳಿ ಬಡಿಸುವ ಕೆಲಸ

ಮೆಷಿನ್ ಕೂಗಿಕೊಂಡಿತು. ನಾನು ಸ್ವಿಚ್ ಆರಿಸಿ, ಸ್ವಲ್ಪ ತಡೆದು, ಮತ್ತೆ ಹಾಕಿದೆ.

"ಹೋಯ್ತು," ಅಂದರು ಸಿಸ್ಟರ್.

"ಸದ್ದಾ?"

"ಪೇಷೆಂಟು."

ಪೇಷೆಂಟು ಎಂದರೆ ಕಲಿಯುವವರಿಗೆಂದು ಪೈಪಿನ ತುದಿಗೆ ಸಿಕ್ಕಿಸಿದ್ದ ರಬ್ಬರ್ ಚೀಲ. ಅಷ್ಟು ಹೊತ್ತು ಉಬ್ಬುತ್ತಾ ಇಳಿಯುತ್ತಾ ಇದ್ದದ್ದು ಈಗ ಬಾಡಿದ ಬದನೆಕಾಯಿಯ ಹಾಗೆ ಮೇಜಿನ ಮೇಲೆ ಬಿದ್ದಿತ್ತು. ನಾನು ಆಫೀಸುಗಳಿಗೆ ಹೋಗಿ ಜೆರಾಕ್ಸ್ ಮೆಷಿನ್ ರಿಪೇರಿ ಮಾಡುವವನು. ನಮ್ಮ ಕಸುಬಿನಲ್ಲಿ ಮುಕ್ಕಾಲು ಪಾಲು ರೋಗಕ್ಕೆ ಆರಿಸಿ ಹಾಕುವುದೇ ಮದ್ದು. ಉಳಿದ ಕಾಲು ಪಾಲಿಗೆ ಬೆನ್ನಿಗೊಂದು ಗುದ್ದು. ಗುದ್ದುವ ಮೊದಲೇ ಸಿಸ್ಟರ್ ನನ್ನ ಕೈ ಹಿಡಿದದ್ದು ಒಳ್ಳೆಯದಾಯಿತು.

ಆದರೆ ಕಲಿಯದೆ ವಿಧಿಯಿರಲಿಲ್ಲ. ಎಚ್ಚರವಿರುವಾಗ ನನ್ನ ಮಗಳು ತಾನೇ ಉಸಿರಾಡುತ್ತಾಳೆ. ನಿದ್ದೆ ಹತ್ತಿದರೆ ಎದೆಯ ಸ್ನಾಯುಗಳಿಗೆ ಶಕ್ತಿ ಸಾಲದು. ಆಗ ಮೂಗಿನ ಮೇಲೆ ಕೂತ ಮಾಸ್ಕಿನ ಮೂಲಕ ಈ ವೆಂಟಿಲೇಟರ್ ಗಾಳಿ ತಳ್ಳಬೇಕು. ಮೆಷಿನ್ ಸಮೇತ ಮನೆಗೆ ಕಳಿಸುತ್ತೇವೆ, ಅದನ್ನು ನಡೆಸಲು ಬರುವವರು ಪಕ್ಕದಲ್ಲಿರಬೇಕು ಎಂದಿದ್ದರು ಡಾಕ್ಟರು. ನನ್ನ ಹೆಂಡತಿ ಒಂದೇ ಸಲಕ್ಕೆ ಕಲಿತುಬಿಟ್ಟಳು. ಆದರೆ ಅವಳದು ರಾತ್ರಿ ಪಾಳಿ. ಹೀಗಾಗಿ ಮಗಳು ಮನೆಗೆ ಬರುವುದು ಬಿಡುವುದು, ಊರವರ ಮೆಷಿನ್ನೆಲ್ಲ ಬಿಚ್ಚಿ ಜೋಡಿಸಿಯೂ ಮನೆಯ ವಾಷಿಂಗ್ ಮೆಷಿನ್ನಿನ ಮೂರನೇ ಗುಂಡಿ ಏತಕ್ಕೆಂದು ಇವತ್ತಿಗೂ ತಿಳಿಯದ ಮನುಷ್ಯನ ಕೈಯಲ್ಲಿತ್ತು.

"ಅಲಾರಂ ಬಂದಾಗ ಮೊದಲು ಯಾರನ್ನ ನೋಡ್ಬೇಕು?" ಸಿಸ್ಟರ್ ಕೇಳಿದರು.

"ಮೆಷಿನ್ನ."

"ಅಪ್ಪಾ," ಮಂಚದ ಮೇಲೆ ಕಾಲು ಇಳಿಬಿಟ್ಟು ಸರ್ಕಸ್ ನೋಡುವವಳ ಹಾಗೆ ಕೂತಿದ್ದ ಮಗಳು ಅಂದಳು, "ನನ್ನ."

ಮತ್ತೆ ಮೊದಲಿನಿಂದ. ಪೈಪು ಸಿಕ್ಕಿಸಿದೆ, ಗಾಳಿ ತೇವವಾಗಲೆಂದು ಡಬ್ಬಿಗೆ ನೀರು ತುಂಬಿದೆ, ಡಾಕ್ಟರು ಹೇಳಿದ್ದ ಅಂಕಿಗಳಿಗೆ ಗುಂಡಿಗಳನ್ನು ತಿರುಗಿಸಿದೆ. ಸಿಸ್ಟರ್ ಪರದೆಯತ್ತ ಬಗ್ಗಿದರು.

"ಒತ್ತಡ ಹದಿನಾಲ್ಕು ಅಂದಿದ್ದು. ಇಪ್ಪತ್ತು ಯಾಕೆ?"

"ಸ್ವಲ್ಪ ಜಾಸ್ತಿನೇ ಇರ್ಲಿ ಅಂತ. ಬೆಳೆಯೋ ಹುಡುಗಿ."

"ಏನ್ರೀ ಇದು, ಗಾಳಿ ಕೊಡ್ತಿದ್ದೀರಾ, ಊಟ ಬಡಿಸ್ತಿದ್ದೀರಾ?"

"ನಮ್ಮಪ್ಪ ಊಟಾನೂ ಹಿಂಗೇ ಬಡಿಸೋದು ಸಿಸ್ಟರ್," ಅಂದಳು ಮಗಳು. "ಬೇಡ ಅಂತ ಕೈ ಅಡ್ಡ ಇಟ್ರೆ ಕೈ ಮೇಲೇ ಸುರಿಯೋದು."

ಯೂನಿಫಾರ್ಮನ್ನು ಯಾವಾಗಲೂ ಎರಡು ಸೈಜು ದೊಡ್ಡದು ಕೊಳ್ಳುವುದನ್ನೂ ಹೇಳಿಯಾಳೆಂದು ನಾನು ತಲೆ ತಗ್ಗಿಸಿದೆ. ಸಿಸ್ಟರ್ ಬೈಯಲಿಲ್ಲ. ಬೇರೊಂದು ಮಾಸ್ಕು ತಂದರು. "ಕೂತ್ಕೊಳ್ಳಿ. ನಿಮ್ಮ ಅಡುಗೆ ನೀವೇ ರುಚಿ ನೋಡಿ."

ಮಾಸ್ಕು ನನ್ನ ಮೂಗಿಗೇರಿದ್ದೇ ಬಸ್ಸಿನ ಕಿಟಕಿಯಿಂದ ಮೂತಿ ಹೊರಗೆ ಹಾಕಿದ ಹಾಗಾಯಿತು. ಕಣ್ಣಲ್ಲಿ ನೀರು, ಕಿವಿಯಲ್ಲಿ ಟಪ್ ಎಂಬ ಸದ್ದು. ಉಸಿರು ಬಿಡಲು ಹೋದರೆ ಅದು ತುಂಬುತ್ತದೆ, ಎಳೆಯಲು ಹೋದರೆ ಅದು ನಿಲ್ಲಿಸುತ್ತದೆ. ಸಾಕು ಎನ್ನಲು ಬಾಯಿ ತೆರೆದೆ. ಮಾತಿನ ಬದಲು ಅಲ್ಲಿಂದಲೂ ಗಾಳಿಯೇ ಬಂತು. ಮಗಳು ನಕ್ಕು ನಕ್ಕು ದಿಂಬಿಗೆ ಒರಗಿದಳು. ಮಾಸ್ಕು ಕಿತ್ತು ನಾನು ಏದುಸಿರು ಬಿಡುವಾಗ ಮಾತ್ರ ಮೆಲ್ಲಗೆ ಅಂದಳು, "ಮೊದಲ್ನೇ ದಿನ ನಂಗೂ ಹಂಗೇ ಆಗಿತ್ತು. ಯಾರಿಗೂ ಹೇಳಕ್ಕಾಗ್ಲಿಲ್ಲ."

ಹದಿನಾಲ್ಕಕ್ಕೆ ಇಳಿಸಿದೆ. ಅಕ್ಕಸಾಲಿಗನ ಹಾಗೆ, ಒಂದು ಗುಲಗಂಜಿಯೂ ಹೆಚ್ಚಿಲ್ಲದೆ. ಆಮೇಲೆ ಅವಳನ್ನು ಮಲಗಿಸಿ ಮಾಸ್ಕು ಕಟ್ಟಿದೆ. ಸಿಸ್ಟರ್ ಸದ್ದಿಲ್ಲದೆ ಪೈಪು ಕಳಚಿದರು. ಅಲಾರಂ ಬಂತು. ನನ್ನ ಬಲಗೈ ತಾನಾಗಿ ಸ್ವಿಚ್ಚಿನತ್ತ ಹೊರಟಿತ್ತು. ಎಡಗೈ ಅದನ್ನು ಹಿಡಿದುಕೊಂಡಿತು. ಮಗಳ ಎದೆ ನೋಡಿದೆ, ಮಾಸ್ಕು ನೋಡಿದೆ, ಪೈಪು ಸಿಕ್ಕಿಸಿದೆ. ಸದ್ದು ನಿಂತಿತು.

"ಪಾಸು. ನಾಳೆ ಕರ್ಕೊಂಡು ಹೋಗಿ," ಎಂದು ಸಿಸ್ಟರ್ ಮುಂದಿನ ಮಂಚಕ್ಕೆ ಹೋದರು. ನನ್ನ ಎದೆ ಉಬ್ಬಿತು, ಈ ಸಲ ಮೆಷಿನ್ನಿನ ಸಹಾಯವಿಲ್ಲದೆ.

"ನೋಡಿದ್ಯಾ?" ಅಂದೆ.

"ಸಿಸ್ಟರ್ ಪಾಸ್ ಮಾಡಿದ್ರು. ನಾನಿನ್ನೂ ಮಾಡಿಲ್ಲ," ಮಾಸ್ಕಿನ ಕೆಳಗಿಂದ ಗೊಣಗಿದಳು. "ಅಮ್ಮ ಹಾಕಿದ್ರೆ ನಿದ್ದೆ ಬರುತ್ತೆ. ನೀನು ಹಾಕಿದ್ರೆ ಬರಲ್ಲ."

ಅವಳ ಜಾಗದಲ್ಲಿದ್ದಿದ್ದರೆ ನನಗೂ ಬರುತ್ತಿರಲಿಲ್ಲ.

ಅವಳು ಕಣ್ಣು ಮುಚ್ಚಿದಳು. ಹೊದಿಕೆಯೊಳಗಿಂದ ಒಂದು ಕೈ ಮೇಲೆ ಬಂದು ಪೈಪನ್ನು ಕಳಚಿತು. ಅಲಾರಂ. ನಾನು ಅವಳನ್ನು ನೋಡಿ, ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಬಂತು. ಸಿಕ್ಕಿಸಿದೆ. ನಾನು ಕಿಟಕಿಯತ್ತ ತಿರುಗಿದ್ದಾಗ ಬಂತು, ಬೆವರು ಒರೆಸುತ್ತಿದ್ದಾಗ ಬಂತು, ಕೂರೋಣವೆಂದು ಸ್ಟೂಲು ಎಳೆದಾಗ ಸರಿಯಾಗಿ ಬಂತು. ಕೊನೆಗೆ ನಾನು ಸ್ಟೂಲಿನ ಆಸೆ ಬಿಟ್ಟು, ಕ್ರಿಕೆಟ್ಟಿನ ವಿಕೆಟ್ ಕೀಪರನ ಹಾಗೆ ಮಂಚದ ಪಕ್ಕ ಬಗ್ಗಿ ಕಾದೆ.

ಕೈ ಬರಲಿಲ್ಲ. ಎದೆ ಏರಿತು, ಇಳಿಯಿತು. ಬೆರಳುಗಳು ಹೊದಿಕೆಯ ಅಂಚಿನಲ್ಲಿ ಸಡಿಲವಾಗಿ ಬಿದ್ದಿದ್ದವು.

ಆ ಕಡೆಯಿಂದ ವಾಪಸು ಬಂದ ಸಿಸ್ಟರ್ ನನ್ನ ಭಂಗಿ ನೋಡಿ ನಿಂತರು. "ಪರೀಕ್ಷೆ ಮುಗೀತಲ್ಲ. ಕೂತ್ಕೊಳ್ಳಬಾರ್ದಾ?"

"ಮುಗೀತೋ ಇಲ್ವೋ ಗೊತ್ತಾಗ್ತಿಲ್ಲ ಸಿಸ್ಟರ್," ಪಿಸುಗುಟ್ಟಿದೆ. "ರಿಸಲ್ಟ್ ಹೇಳ್ದೇನೇ ನಿದ್ದೆ ಹೋಗ್ಬಿಟ್ಲು."