ದೀಪ ಮುಟ್ಟಿ ಹೇಳಿದ್ದು

"ದೀಪ ಮುಟ್ಟಿ ಹೇಳ್. ಅವತ್ತ್ ಬೈಂದೂರಿಗೆ ಯಾರೊಟ್ಟಿಗೆ ಹೋಯಿದ್ದೆ?"

ಅಮ್ಮ ಪ್ರೇಕ್ಷಾಳ ಮಣಿಕಟ್ಟು ಹಿಡಿದು ದೇವರ ದೀಪದ ಹತ್ತಿರ ಎಳೆದಿದ್ದಳು. ಪಕ್ಕದ ಮಂಚದಲ್ಲಿ ಅಪ್ಪ ಸೂರ, ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. ಅಳಿವೆಯಲ್ಲಿ ಅವನ ದೋಣಿ ಮಗುಚಿದ ದಿನವೇ ಪ್ರೇಕ್ಷಾ ಮುಟ್ಟೆಂದು ಸುಳ್ಳು ಹೇಳಿ, ಮನೆಯ ಪೂಜೆ ತಪ್ಪಿಸಿ, ಕಾಲೇಜಿನ ಸುಧೀರನ ಜೊತೆ ಬೈಂದೂರಿನ ಬಸ್ಸು ಹತ್ತಿದ್ದಳು. ಕಡಲಂಚಿನಲ್ಲಿ ಅವನು ಮೊದಲ ಸಲ ಅವಳ ಕೈ ಹಿಡಿದಾಗಲೇ ಮನೆಯಿಂದ ಫೋನ್ ಬಂದಿತ್ತು. ಬೈಂದೂರಲ್ಲಿದ್ದೇನೆ ಎಂದಷ್ಟೇ ಅವಳು ಹೇಳಿದ್ದಳು.

"ಒಬ್ಳೇ ಹೋಯಿದ್ದೆ ಅಂತ ಹೇಳ್, ಸಾಕ್. ನಾ ನಂಬ್ತೆ," ಎಂದಳು ಅಮ್ಮ.

ಇನ್ನೊಂದು ಸುಳ್ಳು ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಪ್ರೇಕ್ಷಾ ತಾನೇ ಕೈ ಚಾಚಿ ಕಾದ ದೀಪದ ಕಂಬವನ್ನು ಗಟ್ಟಿಯಾಗಿ ಹಿಡಿದಳು.

"ಸುಧೀರನೊಟ್ಟಿಗೆ ಹೋಯಿದ್ದೆ. ಮುಟ್ಟ್ ಅಂದದ್ದ್ ಸುಳ್ಳ್. ನನ್ ಸುಳ್ಳಿಂದ್ಲೇ ಅಪ್ಪಯ್ಯನ ದೋಣಿ ಮಗ್ಚಿತ್."

ಮಂಚ ಕಿರುಗುಟ್ಟಿತು. ಸೂರ ಮೊಣಕೈಯೂರಿ ಎದ್ದು ಕೂತಿದ್ದ.

"ಅಲ್ಲ ಮಗಾ," ಎಂದ. "ಎಲ್ರೂ ಬ್ಯಾಡ ಅಂದ್ರೂ ಆ ಗಾಳಿಗೆ ದೋಣಿ ಇಳ್ಸಿದ್ದ್ ನಾನ್."

ಅಮ್ಮನ ಕೈ ಮಗಳ ಮಣಿಕಟ್ಟಿನ ಮೇಲೆ ಹಾಗೇ ಇತ್ತು. ಹಿಡಿತ ಮಾತ್ರ ಸಡಿಲವಾಗಿತ್ತು.