ಉತ್ತರ ಕೊಡದ ಆನೆ

“ಆನೆ ಎಲ್ಲದಮ್ಮಿ? ಬೆಟ್ಟು ಮಾಡಿ ತೋರ್ಸು. ಇಲ್ದಿರೋ ಆನೆಗೆ ಎದ್ರಿ ನನ್ ಕೆಲ್ಸ ಕೆಡಿಸ್ಬುಡ್ತೀಯಾ?” ಕನಕರಾಜು ಮೇಜಿಗೆ ಗುದ್ದಿದ ರಭಸಕ್ಕೆ ಲ್ಯಾಪ್‌ಟಾಪ್ ಪಕ್ಕದ ಟೀ ಲೋಟ ಉರುಳಿತು.

“ಎಲ್ಲಿದೆ ಅಂತ ಗೊತ್ತಿಲ್ಲ ಅಂತಾನೇ ನಾನು ಬಡ್ಕೋತಿರೋದು ಸಾರ್. ಗೊತ್ತಿಲ್ಲ ಅನ್ನೋದೇ ಬೇರೆ, ಇಲ್ಲ ಅನ್ನೋದೇ ಬೇರೆ,” ಎಂದಳು ಮಾನಸ, ಚೆಲ್ಲಿದ ಟೀಯನ್ನು ವೇಲಿನ ತುದಿಯಿಂದ ಒರೆಸುತ್ತ.

ಅವರು ಕೂತಿದ್ದ ಭೀಮನಬೀಡಿನ ಹಾಲಿನ ಡೈರಿ ಊರಿನ ಕೊನೆಯ ಕಟ್ಟಡ. ಅದರಾಚೆ ಕಾಡಂಚಿನ ದಾರಿ. ದಾರಿ ಶುರುವಾಗುವಲ್ಲಿ, ಗುತ್ತಿಗೆ ಹಿಡಿದ ಕನಕರಾಜು ನೆಡಿಸಿದ ಹೊಸ ಕಂಬ. ಕಂಬದ ಮೇಲೆ ಕೆಂಪು ದೀಪ ಹತ್ತಿದರೆ ಮುಂದೆ ಆನೆ ಇದೆ, ಹಸಿರು ಹತ್ತಿದರೆ ಇಲ್ಲ. ಹತ್ತು ಗಂಟೆಗೆ ಪಂಚಾಯ್ತಿಯವರು ಉದ್ಘಾಟನೆಗೆ ಬರುವವರಿದ್ದರು. ಅಲ್ಲಿಂದ ಮುಂದೆ ಊರಿನವರು ಆ ದೀಪ ನೋಡಿಕೊಂಡೇ ಹೊಲಕ್ಕೆ ಹೋಗಬೇಕು, ಬರಬೇಕು. ಈಗಿನ್ನೂ ಬೆಳಕು ಹರಿಯುತ್ತಿತ್ತು. ಮಂಜಿನಲ್ಲಿ ಕಂಬವೇ ಕಾಣುತ್ತಿರಲಿಲ್ಲ. ಹಸಿರು ದೀಪವೊಂದೇ, ಮರವಿಲ್ಲದ ಹಣ್ಣಿನ ಹಾಗೆ, ಗಾಳಿಯಲ್ಲಿ ನಿಂತಿತ್ತು.

ಕಾಡಾನೆಯ ಕೊರಳಿಗೆ ಅರಣ್ಯ ಇಲಾಖೆಯವರು ಕಟ್ಟಿದ ಪಟ್ಟಿ ಅದು ಎಲ್ಲಿದೆಯೆಂಬುದನ್ನು ಚಾಮರಾಜನಗರದ ಅವರ ಆಫೀಸಿನಲ್ಲಿರುವ ಸರ್ವರ್‌ಗೆ ತಿಳಿಸುತ್ತದೆ. ಕಂಬ ಆ ಸರ್ವರನ್ನು ಕೇಳುತ್ತದೆ. ಪ್ರತಿ ಸಲವೂ ಕೇಳುತ್ತ ಕೂತರೆ ಇಲ್ಲಿನ ನೆಟ್‌ವರ್ಕಿಗೆ ಉಸಿರು ಕಟ್ಟುತ್ತದೆಂದು, ಒಮ್ಮೆ ಬಂದ ಉತ್ತರವನ್ನು ಕಂಬದ ಬುಡದ ಪೆಟ್ಟಿಗೆಯಲ್ಲಿ, ಡೇಟಾಬೇಸಿನೊಳಗೆ ಎತ್ತಿಟ್ಟುಕೊಂಡು, ಹೊಸದು ಬರುವ ತನಕ ಅದನ್ನೇ ತೋರಿಸುವ ಹಾಗೆ ಮಾನಸ ಕೋಡ್ ಬರೆದಿದ್ದಳು. ಬರೆದದ್ದನ್ನು ಪರೀಕ್ಷಿಸಲು ಅಸಲಿ ಸರ್ವರ್ ಅವಳ ಕೈಗೆ ಸಿಕ್ಕಿರಲಿಲ್ಲ. ಲ್ಯಾಪ್‌ಟಾಪಿನಲ್ಲೇ ಒಂದು ಆಟದ ಸರ್ವರ್ ಮಾಡಿಕೊಂಡು ಅದರೊಳಗೊಂದು ಆನೆ ಬಿಟ್ಟಿದ್ದಳು.

ಆ ಆನೆಯ ಕಾಡಿನಲ್ಲಿ ಮಳೆಯಿಲ್ಲ, ಕರೆಂಟು ಹೋಗುವುದಿಲ್ಲ. ಎಲ್ಲಿದ್ದೀಯ ಎಂದರೆ ಸಾಕು, ಇಲ್ಲಿದ್ದೀನಿ ಎನ್ನುತ್ತಿತ್ತು. ಕೆರೆಗೆ ಹೋಗು ಎಂದರೆ ಹೋಗುತ್ತಿತ್ತು, ಊರಿಗೆ ಬಾ ಎಂದರೆ ಬರುತ್ತಿತ್ತು. ಸಂಜೆ ಬಸ್ಸಿನಲ್ಲಿ ಅವಳು ಕಣ್ಣು ಮುಚ್ಚಿದರೆ, ಅದು ಗುಂಡ್ಲುಪೇಟೆ ರಸ್ತೆಯಲ್ಲಿ ಬಸ್ಸಿನ ಮಗ್ಗುಲಿಗೇ ಕಿವಿ ಬೀಸುತ್ತ ನಡೆದುಬರುತ್ತಿತ್ತು. ಈರುಳ್ಳಿ ಲಾರಿಗಳು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ಕೇಳಿದರೂ ಸುಮ್ಮನಿರುವ ಆನೆಯೊಂದು ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ನಿನ್ನೆ ರಾತ್ರಿ ಮೊದಲ ಸಲ ಅಸಲಿ ಸರ್ವರ್‌ಗೆ ಜೋಡಿಸಿದ್ದರು. ಕೋಳಿ ಕೂಗಿದಾಗಿನಿಂದ ಅದರಿಂದ ಒಂದು ಉತ್ತರವೂ ಬಂದಿರಲಿಲ್ಲ. ಕೋಡ್ ಮಾತ್ರ ತಾನು ಎತ್ತಿಟ್ಟುಕೊಂಡಿದ್ದ ರಾತ್ರಿಯ ಮಾತನ್ನೇ ತೆಗೆದು ತೋರಿಸುತ್ತಿತ್ತು: ಆನೆ ಇಲ್ಲ.

“ಇದು ರಾತ್ರಿಯ ಹಸಿರು ಸಾರ್. ಉತ್ತರ ಬರ್ದಿದ್ರೆ ಕೆಂಪು ಹತ್ಲಿ. ಸ್ವಲ್ಪ ಹೊತ್ತು ಕೊಡಿ, ಬದಲಾಯಿಸ್ತೀನಿ.”

“ಈ ಊರಲ್ಲಿ ನೆಟ್‌ವರ್ಕ್ ಯಾವಾಗಿದ್ದದು? ದಿನವೆಲ್ಲ ಕೆಂಪು ಅತ್ಕಂಡ್ ನಿಂತ್ರೆ ಪಂಚಾಯ್ತಿಯವ್ರು ನನ್ ಮೊಕಕ್ಕೆ ಉಗೀತಾರೆ. ಮುಟ್ಬ್ಯಾಡ. ಎಲ್ಲ ಟೆಸ್ಟೂ ಪಾಸು ಅಂತ ನೀನೇ ಕುಣೀತಿದ್ದೆಯಲ್ಲ ಮೊನ್ನೆ?”

“ಅದು ನಾನು ಸಾಕಿದ ಆನೆ ಸಾರ್.”

ಕನಕರಾಜು ಜಗಲಿಯ ಕಡೆಗೆ ತಿರುಗಿದ. ಅಲ್ಲಿ ಹಾಲು ಹಾಕಿ ಮುಗಿಸಿದ ಶಿವಮ್ಮ ಖಾಲಿ ಕ್ಯಾನನ್ನು ತೊಡೆಗೆ ಆನಿಸಿಕೊಂಡು ಕೂತಿದ್ದಳು. ಅವಳ ಮನೆ ಆ ದಾರಿಯ ಆಚೆ ತುದಿಯಲ್ಲಿ, ಹೊಲದೊಳಗೇ ಇತ್ತು.

“ಏನವ್ವಾ, ಹಸಿರು ಕಾಣಕಿಲ್ವಾ? ಎದ್ದು ನಡಿ.”

“ಈ ಕೂಸು ಬ್ಯಾಡ ಅಂತದೆ, ನೀವು ನಡಿ ಅಂತೀರಿ. ನಿಮ್ಮಿಬ್ರುದ್ದೂ ತೀರ್ಮಾನ ಆಗ್ಲಿ ಸಾಮಿ. ಅಲ್ಲಿಗಂಟ ಎಲೆ ಅಡಿಕೆ ಆಕ್ಕತೀನಿ.”

ಮಾನಸಳಿಗೆ ನಗು ಬಂತು. ಕನಕರಾಜು ಅದನ್ನು ನೋಡಿಬಿಟ್ಟ.

“ನನ್ ದೀಪದ ಮ್ಯಾಲೆ ನಂಬ್ಕೆ ಇಲ್ವಾ ನಿಮ್ಗೆ? ನೋಡ್ತಿರಿ. ನಾನೇ ಓಗಿ ಇವಳ ಮನೆ ಬಾಗ್ಲು ಮುಟ್ಬುಟ್ಟು ಬತ್ತೀನಿ. ಆಮ್ಯಾಕೆ ಇಬ್ರೂ ಬಾಯ್ ಮುಚ್ಕಂಡಿರ್ಬೇಕು.”

“ಸಾರ್, ಬೇಡ. ನಾನು ನಕ್ಕಿದ್ದು ಅದಕ್ಕಲ್ಲ.”

ಫೋನನ್ನು ಮೇಜಿನ ಮೇಲೇ ಬಿಟ್ಟು ಅವನು ಜಗಲಿಯಿಳಿದ. ದೀಪದ ಕೆಳಗೆ ಅವನ ಬಿಳಿ ಅಂಗಿ ಒಂದು ಗಳಿಗೆ ಎಲೆಯ ಬಣ್ಣಕ್ಕೆ ತಿರುಗಿತು. ಆಮೇಲೆ ಅಂಗಿಯೂ ಇಲ್ಲ, ಚಪ್ಪಲಿಯ ಸದ್ದೊಂದೇ. ಸ್ವಲ್ಪ ಹೊತ್ತಿಗೆ ಅದೂ ಹತ್ತಿಯೊಳಗೆ ಇಳಿದ ಹಾಗೆ ಇಂಗಿಹೋಯಿತು.

ಮಾನಸ ಲ್ಯಾಪ್‌ಟಾಪಿನ ಮೇಲೆ ಬಗ್ಗಿದಳು. ಬರೆಯಬೇಕಾಗಿದ್ದದ್ದು ಇಷ್ಟೇ: ಉತ್ತರ ಬರದಿದ್ದರೆ ಕೆಂಪು. ಬರೆದಳು, ತಪ್ಪಿತು, ಅಳಿಸಿದಳು, ಮತ್ತೆ ಬರೆದು ಕಂಬಕ್ಕೆ ಕಳಿಸಿದಳು.

ದೀಪ ಬದಲಾಯಿತು. ಮಂಜಿಗೆ ಮಂಜೇ ಆರತಿಯ ನೀರಿನ ಹಾಗೆ ಕೆಂಪಾಗಿ, ಸದ್ದಿಲ್ಲದೆ ಡೈರಿಯ ಗೋಡೆಯವರೆಗೂ ಹರಡಿಕೊಂಡಿತು. ಅಷ್ಟು ಚಂದದ ಬೆಳಗನ್ನು ಅವಳು ಕಂಡಿರಲಿಲ್ಲ.

“ಸಾಮಿ, ಕೆಂಪಾಯ್ತು. ಬಂದ್ಬುಡಿ,” ಶಿವಮ್ಮ ಎದ್ದು ನಿಂತು ಕೂಗಿದಳು. ಮಾನಸ ಗಂಟಲು ಹರಿಯುವ ಹಾಗೆ ಕೂಗಿದಳು. ಮಂಜಿನೊಳಗಿನಿಂದ ಏನೂ ಬರಲಿಲ್ಲ.

ಬಿಸಿಲೇರಿ ಮಂಜು ಕರಗಿದಾಗ, ದಾರಿ ಈ ತುದಿಯಿಂದ ಶಿವಮ್ಮನ ಮನೆಯ ಬಾಗಿಲವರೆಗೂ ನೆಟ್ಟಗೆ, ಆಗತಾನೇ ಗುಡಿಸಿದ ಹಾಗೆ ಕಾಣಿಸಿತು. ಅದರ ಮೇಲೆ ಕನಕರಾಜು ಇರಲಿಲ್ಲ, ಆನೆಯೂ ಇರಲಿಲ್ಲ.