ಮಣ್ಣಿಗಿಟ್ಟ ಮಿಷನ್ನು

ಅಪ್ಪನನ್ನು ಮಣ್ಣು ಮಾಡಿ ವಾರ ಕಳೆದಿರಲಿಲ್ಲ, ಅಂಬರೀಶನ ಫೋನು ಟಿಂಗ್ ಎಂದಿತು. ಅಪ್ಪನ ಬೀಡಿ ಮಿಷನ್ನು ಸುದ್ದಿ ಕಳಿಸಿತ್ತು: ಬಿಸಿಯಾಗಿದೆ, ಸೇದಬಹುದು.

ಆ ಮಿಷನ್ನನ್ನು ಅಂಬರೀಶ ತನ್ನ ಕೈಯಾರೆ ಅಪ್ಪನ ಅಂಗಿಯ ಜೇಬಿಗೆ ಹಾಕಿದ್ದ. ಅಪ್ಪ ಈಗ ಮಾನ್ವಿಯ ಅಂಚಿನಲ್ಲಿರುವ ಅವರ ಮನೆಯ ಹಿಂದೆ, ಹೊಲದ ಬದುವಿನ ಪಕ್ಕ, ಆಳುದ್ದ ಮಣ್ಣಿನ ಕೆಳಗಿದ್ದ. ಅಂಬರೀಶ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ಹಿತ್ತಲ ಬಾಗಿಲಿನ ಕಡೆ ನೋಡಿದ. ಅದು ತೆರೆದೇ ಇತ್ತು.

ಸತ್ತವರ ಜೊತೆ ಅವರ ಇಷ್ಟದ ವಸ್ತು ಇಡುವುದು ಅವರ ಮನೆತನದ ಪದ್ಧತಿ. ಎಲೆ ಅಡಿಕೆ ಹಾಕುವವರಿಗೆ ಚಂಚಿ, ಬೀಡಿ ಸೇದುವವರಿಗೆ ಬೀಡಿ ಕಟ್ಟು. ಮೌನಪ್ಪನಿಗೆ ಏನಿಡೋಣ ಎಂದು ಸೋದರಮಾವ ಸಾಬಣ್ಣ ಕೇಳಿದಾಗ ಅಂಬರೀಶ ಯೋಚಿಸಲೂ ಇಲ್ಲ, ಮಿಷನ್ನು ತಂದು ಜೇಬಿಗಿಳಿಸಿದ. ಆಮೇಲೆ ಅವ್ವ ಸೂಗಮ್ಮ ಗಂಡನ ಎದೆಯ ಮೇಲೆ ಬಿದ್ದು ಅತ್ತದ್ದನ್ನು ಓಣಿಯೆಲ್ಲ ನೋಡಿತು. ಎಷ್ಟು ಎಳೆದರೂ ಏಳಲೊಲ್ಲಳು. ಗಂಡನ ಬೀಡಿ ಕಟ್ಟು ಕಂಡಲ್ಲೆಲ್ಲ ಕಿತ್ತು ಒಲೆಗೆ ಹಾಕುತ್ತಿದ್ದ ಹೆಂಗಸು ಇವಳೇ ಏನು ಎಂದು ಬಂದವರೆಲ್ಲ ಕಣ್ಣೊರೆಸಿಕೊಂಡರು.

ಮಿಷನ್ನು ತಂದವನೂ ಅಂಬರೀಶನೇ. ರಾಯಚೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಗೆಳೆಯ ಮುಷರ್ರಫ್ ದುಬೈನಿಂದ ಕದ್ದುಮುಚ್ಚಿ ತರಿಸಿಕೊಟ್ಟಿದ್ದ. ನಮ್ಮಲ್ಲಿ ಅದನ್ನು ಮಾರುವಂತಿಲ್ಲ. ಬೆರಳುದ್ದದ ತಂಬಾಕಿನ ಕಡ್ಡಿ ಸಿಕ್ಕಿಸಿ ಗುಂಡಿ ಒತ್ತಿದರೆ ಅದು ತಂಬಾಕನ್ನು ಸುಡುವುದಿಲ್ಲ, ಹುರಿಯುತ್ತದೆ. ಬೆಂಕಿಯಿಲ್ಲ, ಬೂದಿಯಿಲ್ಲ, ಬರುವುದು ಬರೀ ಆವಿ. ಕೆಮ್ಮಿ ಕೆಮ್ಮಿ ಸೊರಗಿದ ಅಪ್ಪನಿಗೆ ಬೀಡಿ ಬಿಡಿಸಲು ಇದೇ ಮದ್ದು ಎಂದು ಅವನು ನಂಬಿದ್ದ. ಶಾಲೆಯ ಮೇಷ್ಟ್ರಾದ ಮಗನೇ ನಂಬಿದ ಮೇಲೆ ಮನೆಯವರೂ ನಂಬಲೇಬೇಕಲ್ಲ. ಅಪ್ಪನದು ಗುಂಡಿಫೋನು, ಹಾಗಾಗಿ ಮುಷರ್ರಫ್ ಅದನ್ನು ಅಂಬರೀಶನ ಫೋನಿಗೆ ಜೋಡಿಸಿದ್ದ. ಮಿಷನ್ನು ಕಾದಾಗಲೆಲ್ಲ ಟಿಂಗ್.

ಅಪ್ಪ ಹಾಸಿಗೆ ಹಿಡಿದ ಮೇಲೂ ಟಿಂಗ್ ನಿಲ್ಲಲಿಲ್ಲ. ಕಡ್ಡಿಯ ಡಬ್ಬಿಗಳು ಖಾಲಿಯಾಗುತ್ತಲೇ ಹೋದವು. ಕೊನೆಗೆ ಡಾಕ್ಟರು ಎಕ್ಸ್‌-ರೇ ಎತ್ತಿ ಹಿಡಿದು, "ಸುಟ್ರೂ ತಂಬಾಕ, ಕಾಸಿದ್ರೂ ತಂಬಾಕ ರೀ ಮಾಸ್ತರ್ರ" ಎಂದರು. ಅಪ್ಪನನ್ನು ಕೊಂದವನು ತಾನೇ ಎಂದು ಅಂಬರೀಶನಿಗೆ ಖಾತ್ರಿಯಾಗಿತ್ತು.

ಈಗ ಈ ಟಿಂಗ್. ದೇವದುರ್ಗದ ಶಾಲೆಯಲ್ಲಿ ಪಾಠ ಮಾಡುವಾಗ ಫೋನು ತೆಪ್ಪಗಿರುತ್ತಿತ್ತು. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಸಾಕು, ಶುರು. ಹೆಂಡತಿ ಸಂಘಮಿತ್ರಾ ಮೊದಲು ನಕ್ಕಳು. ಆಮೇಲೊಂದು ಸಂಜೆ ಒಣಗಿದ ಬಟ್ಟೆ ತರಲು ಹಿತ್ತಲಿಗೆ ಹೋದವಳು ಬರಿಗೈಯಲ್ಲಿ ಓಡಿ ಬಂದಳು.

"ಹುರಿದ ತಂಬಾಕಿನ ವಾಸನಿ ಬರಾಕತ್ತದ ರೀ. ಮಾವ ಇದ್ದಾಗ ಬರ್ತಿತ್ತಲ್ಲ, ಅದೇ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೂಗಮ್ಮ ತಲೆ ಎತ್ತಲಿಲ್ಲ. "ಮನಿ ಹಿಡಿದದ್ದು ಅಷ್ಟು ಲಗೂನ ಬಿಟ್ಟು ಹೊಕ್ಕದೇನವ್ವಾ" ಎಂದಳು.

ಭಾನುವಾರ ಬೆಳಿಗ್ಗೆಯೇ ಅಂಬರೀಶ ರಾಯಚೂರಿಗೆ ಹೋದ. ಮುಷರ್ರಫ್ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಗುಂಡಿ ಒತ್ತಲಾರದ ಅದು ಬಿಸಿ ಆಗಂಗಿಲ್ಲ ಭಾಯ್. ಫೋನಿನ ಹತ್ರ ಇಲ್ದಿದ್ರ ಸುದ್ದೀನೂ ಬರಂಗಿಲ್ಲ."

"ಕೆಟ್ಟಿರಬೇಕು ಬಿಡು."

"ಚಾರ್ಜ್ ಎಷ್ಟು ತೋರಸ್ತಿತ್ತು?"

"ನಿನ್ನಿ ಪೂರ್ತಿ ತುಂಬಿತ್ತು."

ಮುಷರ್ರಫ್ ಫೋನನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟು ಕೈ ಹಿಂದಕ್ಕೆಳೆದುಕೊಂಡ. "ಅಪ್ಪಾರು ಹೋದಾಗ ಡಾಕ್ಟರ್ ಬಂದು ನೋಡಿದ್ರೇನು?"

ನೋಡಿರಲಿಲ್ಲ. ನಸುಕಿನಲ್ಲಿ ಸಾಬಣ್ಣ ಮೂಗಿನ ಮುಂದೆ ಬೆರಳು ಹಿಡಿದು ತಲೆ ಅಲ್ಲಾಡಿಸಿದ್ದ, ಅಷ್ಟೇ. ಮಧ್ಯಾಹ್ನದೊಳಗೆ ಮಣ್ಣಾಗಿತ್ತು.

ಬಸ್ಸು ಮಾನ್ವಿ ಮುಟ್ಟುವವರೆಗೂ ಅಂಬರೀಶನ ಕಣ್ಣ ಮುಂದೆ ಒಂದೇ ಚಿತ್ರ. ಮಣ್ಣಿನ ಕತ್ತಲಲ್ಲಿ ಅಪ್ಪನ ಬೆರಳು ಗುಂಡಿ ಹುಡುಕುತ್ತಿದೆ. ಕೂಗಿದರೆ ಯಾರಿಗೂ ಕೇಳುವುದಿಲ್ಲ ಎಂದು ಅಪ್ಪನಿಗೆ ಗೊತ್ತು, ಅದಕ್ಕೇ ಒತ್ತುತ್ತಿದ್ದಾನೆ. ಮಗ ಮಾತ್ರ ಫೋನು ನೋಡಿ ಚಹಾ ಕುಡಿಯುತ್ತ ಕೂತಿದ್ದ. ಪಕ್ಕದ ಸೀಟಿನವರು ಕಿಟಕಿ ತೆರೆದು, ಗಾಳಿ ತಗೊಳ್ರಿ ಎಂದರು.

ಮನೆ ಮುಟ್ಟಿದಾಗ ಬಿಸಿಲು ಇನ್ನೂ ಚುರುಗುಡುತ್ತಿತ್ತು. ಅವನು ಗುದ್ದಲಿ ಹಿಡಿದು ಸೀದಾ ಬದುವಿನ ಕಡೆ ನಡೆದ. ಸಂಘಮಿತ್ರಾ ಅಡ್ಡ ಬಂದಳು.

"ಹುಚ್ಚು ಹಿಡದದೇನ್ರಿ? ಮಂದಿ ನೋಡಿದ್ರ ಏನಂದಾರು!"

"ಅಪ್ಪ ಬದುಕ್ಯಾನ. ಸರಿ ಆಚಿ."

ಅವಳು ಅತ್ತೆಯನ್ನು ಕರೆಯಲು ಮನೆಯೊಳಗೆ ಓಡಿದಳು. ಅತ್ತೆ ಅಲ್ಲಿರಲಿಲ್ಲ.

ಮೊದಲ ಏಟಿಗೆ ಮಣ್ಣು ಸಡಿಲಾಯಿತು. ಇನ್ನೊಂದು ಏಟಿಗೆ ಗುದ್ದಲಿ ಎತ್ತಿದ್ದನಷ್ಟೇ, ಜೇಬಿನಲ್ಲಿ ಟಿಂಗ್. ಅಂಬರೀಶ ಗುದ್ದಲಿ ಬಿಸಾಡಿ ಮೊಣಕಾಲೂರಿದ. "ಬಂದ್ನಿ ಯಪ್ಪಾ, ಬಂದ್ನಿ!" ಎಂದು ಅಳುತ್ತ ಎರಡೂ ಕೈಯಿಂದ ಮಣ್ಣು ಕೆದರತೊಡಗಿದ. ಉಗುರು ಕಿತ್ತು ರಕ್ತ ಬಂದದ್ದೂ ಅವನಿಗೆ ತಿಳಿಯಲಿಲ್ಲ.

ಬಣವೆಯ ಹಿಂದಿನಿಂದ ಸೂಗಮ್ಮ ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬಂದಳು. ಮಗನ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಾತಾಡಲು ಹೋದರೆ ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೂ ಅವಳು ಆ ಕೈಗಳನ್ನು ಬಿಡಲಿಲ್ಲ.

"ಅಗೀಬ್ಯಾಡೋ ಯಪ್ಪಾ, ಅವರು ಸತ್ತೇ ಹೋಗ್ಯಾರ, ನೀ ತಂದ ಮಿಷನ್ನ ಅವರು ಒಂದಿನಾನೂ ಬಾಯಿಗಿಟ್ಟಿಲ್ಲ, ಅವತ್ತು ಅಳಕೋತ ಅವರ ಜೇಬಿನಿಂದ ತಕ್ಕೊಂಡಿದ್ದೆ, ತಂದ ದಿನದಿಂದ ಅದನ್ನ ಸೇದಾಕತ್ತಿದಾಕಿ ನಾನು."